ವಿದೇಶದಲ್ಲಿ ಮೇಷ್ಟ್ರ ಕೆಲಸ: ಸಂಬಳಕ್ಕೂ ಮೊದಲು ಶನಿವಾರದ ಬಗ್ಗೆ ಕೇಳಿ

ರೇಷ್ಮೆಗೂಡು | ಶಿಡ್ಲಘಟ್ಟ, ಈಗ ಥಾಯ್ಲೆಂಡ್‌ನ ಕೊರಾತ್

ಬಿ.ಇಡಿ. ಮುಗಿಸಿ ಥಾಯ್ಲೆಂಡ್, ವಿಯೆಟ್ನಾಂ, ಮಾಲ್ಡೀವ್ಸ್ ಕಡೆ ಕೆಲಸ ಹುಡುಕುವವರು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಈಚೆಗೆ ಹೆಚ್ಚಾಗಿದ್ದಾರೆ. ನನಗೆ ಬರೆಯುವವರ ಮೊದಲ ಪ್ರಶ್ನೆ ಸಂಬಳ ಎಷ್ಟು ಎಂಬುದು, ಎರಡನೆಯದು ವಾರಾಂತ್ಯದಲ್ಲಿ ಎಲ್ಲಿಗೆಲ್ಲ ಹೋಗಬಹುದು ಎಂಬುದು. ನಡುವಿನ ಐದು ದಿನಗಳ ಬಗ್ಗೆ ಯಾರೂ ಕೇಳುವುದಿಲ್ಲ. ಊರಿನಲ್ಲಿ ನೆಂಟರೂ ಅಷ್ಟೇ. ಮೊಬೈಲ್‌ನಲ್ಲಿ ದೇವಸ್ಥಾನದ ಮುಂದೆ ನಿಂತ ಫೋಟೊ ಕಂಡರೆ ಸಾಕು, 'ಅವಳಿಗೇನು ಬಿಡಿ, ಊರೂರು ತಿರುಗಿಕೊಂಡು ಆರಾಮವಾಗಿದ್ದಾಳೆ' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆದ್ದರಿಂದ ಐದು ದಿನದ್ದು ಮೊದಲು.

ಕೊರಾತ್ ಎಂದರೆ ನಖೋನ್ ರಾಚಸೀಮಾ. ಬ್ಯಾಂಕಾಕ್‌ನಿಂದ ಈಶಾನ್ಯಕ್ಕೆ ಸುಮಾರು 260 ಕಿಲೊಮೀಟರ್. ಇಸಾನ್ ಎಂಬ ಈಶಾನ್ಯ ಸೀಮೆಯ ಹೆಬ್ಬಾಗಿಲು. ಬೆಳಿಗ್ಗೆ ಏಳೂಕಾಲಕ್ಕೆ ನಾನು ಶಾಲೆಯ ಗೇಟಿನಲ್ಲಿ ನಿಂತಿರಬೇಕು. ಮಕ್ಕಳು ಒಬ್ಬೊಬ್ಬರಾಗಿ ಕೈಮುಗಿದು ಒಳಗೆ ಹೋಗುತ್ತಾರೆ, ಎಲ್ಲರಿಗೂ ತಿರುಗಿ ಮುಗಿಯಬೇಕು. ಎಂಟಕ್ಕೆ ಸರಿಯಾಗಿ ಧ್ವಜ ಏರುತ್ತದೆ, ರಾಷ್ಟ್ರಗೀತೆ ಮೊಳಗುತ್ತದೆ. ಆ ಹೊತ್ತಿಗೆ ಬಸ್ ನಿಲ್ದಾಣದಲ್ಲಿದ್ದರೂ ಜನ ನಿಂತಲ್ಲೇ ನಿಲ್ಲುತ್ತಾರೆ. ಸಂಜೆ ಆರಕ್ಕೂ ಹೀಗೆಯೇ. ಸೋಮವಾರ ಶಿಕ್ಷಕರೆಲ್ಲ ಹಳದಿ ಬಟ್ಟೆ ಹಾಕುತ್ತೇವೆ. ಈಗಿನ ರಾಜರೂ ಹಿಂದಿನ ರಾಜರೂ ಹುಟ್ಟಿದ್ದು ಸೋಮವಾರ.

ಒಂದು ತರಗತಿಯಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳು. ತುಂಟರಲ್ಲ, ಆದರೆ ಬಾಯಿ ಬಿಡುವುದಿಲ್ಲ. ತಪ್ಪು ಇಂಗ್ಲಿಷ್ ಮಾತನಾಡಿ ಗೆಳೆಯರ ಮುಂದೆ ನಗೆಪಾಟಲಾಗುವುದಕ್ಕಿಂತ ಸುಮ್ಮನಿರುವುದೇ ಮೇಲು ಎಂಬ ಲೆಕ್ಕ. ನಮ್ಮ ಕನ್ನಡ ಮಾಧ್ಯಮದ ಮಕ್ಕಳನ್ನು ಕಂಡವರಿಗೆ ಇದೇನೂ ಹೊಸದಲ್ಲ. ಪಾಠ ಮುಗಿದ ಮೇಲೆ ಪಾಠ ಯೋಜನೆ, ಅಂಕಪಟ್ಟಿ, ಥಾಯ್ ಭಾಷೆಯಲ್ಲೇ ನಡೆಯುವ ಸಭೆಗಳು. ಆ ಸಭೆಗಳಲ್ಲಿ ನಾನು ಗಂಭೀರ ಮುಖ ಮಾಡಿಕೊಂಡು ಕುಳಿತಿರುತ್ತೇನೆ. ನಾಲ್ಕೂವರೆಗೆ ಬೆರಳಚ್ಚು ಒತ್ತಿ ಹೊರಬಂದರೆ ಶುರುವಾಗುವುದು ಇನ್ನೊಂದು ಮೌನ. ಅಂಗಡಿಯಲ್ಲಿ, ಸಾಂಗ್‌ಥೇವ್ ಎಂಬ ಬಾಡಿಗೆ ವಾಹನದಲ್ಲಿ, ಕೋಣೆಯ ಮಾಲಕಿಯ ಮುಂದೆ ನನ್ನದು ಹತ್ತಿಪ್ಪತ್ತು ಪದಗಳ ಬದುಕು.

ವರ್ಷದಲ್ಲಿ ನನಗೆ ಇಷ್ಟವಾಗುವ ದಿನ ಒಂದಿದೆ, ಜೂನ್ ತಿಂಗಳ ಒಂದು ಗುರುವಾರ ನಡೆಯುವ ವಾಯ್ ಖ್ರೂ, ಅಂದರೆ ಗುರುವಂದನೆ. ಪ್ರತಿ ತರಗತಿಯೂ ಹೂವಿನ ತಟ್ಟೆ ಕಟ್ಟಿ ತರುತ್ತದೆ. ಮೊದಲ ಸಲ ತಟ್ಟೆಯನ್ನು ಹತ್ತಿರದಿಂದ ನೋಡಿದಾಗ ಬೆರಗಾದೆ. ಅದರಲ್ಲಿ ಇದ್ದದ್ದು ಗರಿಕೆ, ಕೇಪಳದ ಹೂ ಮತ್ತು ಬದನೆ ಹೂ. ತುಳಿದಷ್ಟೂ ಚಿಗುರುವ ಗರಿಕೆ ಸಹನೆಗೆ, ಸೂಜಿಯಂತೆ ಚೂಪು ಮೊಗ್ಗಿನ ಕೇಪಳ ಬುದ್ಧಿಗೆ, ತಲೆ ಬಾಗಿಸಿ ಅರಳುವ ಬದನೆ ಹೂ ವಿನಯಕ್ಕೆ. ಮಕ್ಕಳು ಮಂಡಿಯೂರಿ ತೆವಳಿಕೊಂಡೇ ಬಂದು ತಟ್ಟೆ ಕೊಡುತ್ತಾರೆ. ತಲೆ ಎತ್ತಿ ನೋಡುವುದಿಲ್ಲ.

ಇನ್ನು ಶನಿವಾರ. ಕೊರಾತ್‌ನಿಂದ ಅರವತ್ತು ಕಿಲೊಮೀಟರ್ ದೂರದಲ್ಲಿ ಫಿಮಾಯಿ ಇದೆ. 11ನೇ ಶತಮಾನದ ಕೊನೆಯ ಭಾಗದ ಖ್ಮೇರ್ ದೇಗುಲ, ಮಹಾಯಾನ ಬೌದ್ಧರದು, ಆದರೆ ಹಲವು ಬಾಗಿಲವಾಡಗಳ ಮೇಲೆ ರಾಮಾಯಣ. ಇಲ್ಲಿಂದ ಖ್ಮೇರ್ ರಾಜಧಾನಿ, ಈಗಿನ ಕಾಂಬೋಡಿಯಾದ ಅಂಗ್ಕೋರ್‌ವರೆಗೆ ರಾಜಮಾರ್ಗವಿತ್ತು. ದೇಗುಲ ಮುಖ ಮಾಡಿರುವುದೂ ಅತ್ತ ಆಗ್ನೇಯಕ್ಕೇ. ಬಸ್ಸಿಗೆ ಐವತ್ತು ಅರವತ್ತು ಬಾತ್ ಸಾಕು.

ನನಗೆ ಹೆಚ್ಚು ಹಿಡಿಸಿದ್ದು ಪಕ್ಕದ ಬುರಿರಾಮ್ ಪ್ರಾಂತ್ಯದ ಫನೋಮ್ ರುಂಗ್. ಆರಿದ ಜ್ವಾಲಾಮುಖಿಯ ನೆತ್ತಿಯ ಮೇಲೆ ಶಿವಾಲಯ. ಸುರಿನ್ ಕಡೆಗೆ ಹೋಗುವ ಬಸ್ಸಿನಲ್ಲಿ ಬಾನ್ ತಾಕೋ ಎಂಬ ಕವಲಿನಲ್ಲಿ ಇಳಿದು, ಅಲ್ಲಿಂದ ಬೈಕ್ ಬಾಡಿಗೆಗೆ ಚೌಕಾಸಿ ಮಾಡಬೇಕು. ನಾಗನ ಹೆಡೆಗಳ ಸೇತುವೆ ದಾಟಿ ಮೆಟ್ಟಿಲು ಹತ್ತಿದರೆ ಹದಿನೈದು ಬಾಗಿಲುಗಳು ಒಂದೇ ಗೆರೆಯಲ್ಲಿ. ಏಪ್ರಿಲ್ ಮೊದಲ ವಾರ ಮತ್ತು ಸೆಪ್ಟೆಂಬರ್‌ನಲ್ಲಿ ಕೆಲವು ದಿನ ಹುಟ್ಟುವ ಸೂರ್ಯ ಹದಿನೈದೂ ಬಾಗಿಲುಗಳ ಮೂಲಕ ಹಾಯ್ದು ಕಾಣುತ್ತಾನೆ. ಬಾಗಿಲ ಮೇಲಿನ ಅನಂತಶಯನನ ಕೆತ್ತನೆ 1960ರ ದಶಕದಲ್ಲಿ ಕಳುವಾಗಿ ಅಮೆರಿಕದ ಷಿಕಾಗೊ ವಸ್ತುಸಂಗ್ರಹಾಲಯದಲ್ಲಿ ಪತ್ತೆಯಾಗಿತ್ತು. ಥಾಯ್ ಜನ ಬೀದಿಗಿಳಿದು ಕೇಳಿದ ಮೇಲೆ 1988ರಲ್ಲಿ ವಾಪಸ್ ಬಂತು. ಒಳಗೆ ಒಂದು ನಂದಿಯೂ ಇದೆ, ಚಿಕ್ಕದು. ನಂದಿ ಗ್ರಾಮದ ಭೋಗನಂದೀಶ್ವರನನ್ನು ನೋಡುತ್ತ ಬೆಳೆದವಳು ಅದರ ಬಳಿ ಸ್ವಲ್ಪ ಹೊತ್ತು ಕೂರದೆ ಬರಲಾರಳು.

ನನ್ನ ವಾದ ಇಷ್ಟೇ. ಈ ತಿರುಗಾಟ ಮಜಾ ಅಲ್ಲ, ಕೆಲಸದ್ದೇ ಒಂದು ಭಾಗ. ಸೋಮವಾರ ತರಗತಿಯಲ್ಲಿ 'ಫಿಮಾಯಿಗೆ ಹೋಗಿದ್ದೆ, ಅಲ್ಲಿ ಮೀ ನೂಡಲ್ಸ್ ತಿಂದೆ' ಎಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ನಮ್ಮಜ್ಜಿ ಮಾಡುವ ಮೀ ಅದಕ್ಕಿಂತ ಚೆನ್ನಾಗಿರುತ್ತದೆ ಎಂದು ಮುರುಕು ಇಂಗ್ಲಿಷ್‌ನಲ್ಲಿ ಜಗಳಕ್ಕೇ ಬಂದ. ವರ್ಷವಿಡೀ ವ್ಯಾಕರಣ ಹೇಳಿದ್ದರೂ ಅವನು ಬಾಯಿ ತೆರೆಯುತ್ತಿರಲಿಲ್ಲ.

ನೀವು ಎಲ್ಲೆಲ್ಲಿ ಪಾಠ ಮಾಡಿದ್ದೀರಿ? ನಿಮ್ಮ ರಜಾ ದಿನಗಳು ಎಲ್ಲಿ ಹೋದವು?

ಮಾವಿನತೋಪು | ಶ್ರೀನಿವಾಸಪುರ

ಚೆನ್ನಾಗಿ ಬರೆದಿದ್ದೀರಿ, ಆದರೆ ಒಪ್ಪುವುದಿಲ್ಲ. ನಮ್ಮ ಕಡೆಯ ಮಕ್ಕಳು ವಿದೇಶಕ್ಕೆ ಹೋಗುವುದು ಶಿವಾಲಯ ಹುಡುಕಲು ಅಲ್ಲ. ಅದಕ್ಕೆ ಆವನಿ ಇದೆ, ಕುರುಡುಮಲೆ ಇದೆ. ಕೊಳವೆ ಬಾವಿ ಬತ್ತಿ, ಮಾವಿನ ಬೆಲೆ ಬಿದ್ದು, ಒಡವೆ ಅಡವಿಟ್ಟು ಮಗನನ್ನು ಕಳಿಸಿದ ಮನೆಗೆ ಫನೋಮ್ ರುಂಗ್ ಏನು ಕೊಡುತ್ತದೆ? ಮೊದಲು ಸಾಲ ತೀರಲಿ. ಆಮೇಲೆ ಹದಿನೈದು ಬಾಗಿಲುಗಳ ಸೂರ್ಯನನ್ನು ನೋಡಿದರಾಯಿತು, ಅವನೇನೂ ಓಡಿಹೋಗುವುದಿಲ್ಲ.

ಇನ್ನೊಂದು ಮಾತು. ಸಂಬಳದ ಅಂಕಿಯನ್ನು ಜಾಣತನದಿಂದ ಬಿಟ್ಟಿದ್ದೀರಿ.

ಏಕಶಿಲೆ | ಮಧುಗಿರಿ

ನಾನು ನಿವೃತ್ತ. ಎಂಬತ್ತರ ದಶಕದ ಕೊನೆಯಲ್ಲಿ ಭೂತಾನ್‌ನ ಪೂರ್ವ ಭಾಗದ ತ್ರಾಶಿಗಾಂಗ್ ಜಿಲ್ಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಆಗ ಅಲ್ಲಿಯ ಶಾಲೆಗಳಲ್ಲಿ ಭಾರತದ ಮೇಷ್ಟ್ರುಗಳು ಬಹಳ, ಅದರಲ್ಲೂ ಕೇರಳದವರು. ಅಲ್ಲಿಯ ಭಾಷೆ ಝೊಂಗ್ಖಾ ಬಿಟ್ಟು ಉಳಿದೆಲ್ಲ ಪಾಠ ಇಂಗ್ಲಿಷ್‌ನಲ್ಲೇ ಇದ್ದುದರಿಂದ ತೊಡಕಿರಲಿಲ್ಲ. ಅಲ್ಲಿಯ ನುಲ್ಟ್ರಮ್ ನಮ್ಮ ರೂಪಾಯಿಗೆ ಸಮ, ವೀಸಾ ಬೇಕಿರಲಿಲ್ಲ. ಮಾವಿನತೋಪಿನವರ ಲೆಕ್ಕಕ್ಕೆ ಹೇಳಿ ಮಾಡಿಸಿದ ದೇಶ.

ಆದರೆ ವಾರಾಂತ್ಯ ಎಂಬ ಪದವೇ ನಮಗೆ ಗೊತ್ತಿರಲಿಲ್ಲ. ಶನಿವಾರ ಮಧ್ಯಾಹ್ನದವರೆಗೆ ಶಾಲೆ. ವಸತಿ ಶಾಲೆಯಾದ್ದರಿಂದ ಸರದಿಯ ಮೇಲೆ ಭಾನುವಾರವೂ ಮಕ್ಕಳ ಮೇಲ್ವಿಚಾರಣೆ. ಅವರ ಊಟ, ಸಂಜೆಯ ಓದು, ಜ್ವರ ಬಂದವನನ್ನು ಆರೋಗ್ಯ ಘಟಕಕ್ಕೆ ನಡೆಸಿಕೊಂಡು ಹೋಗುವುದು. ಬಿಡುವಿದ್ದ ಭಾನುವಾರ ಬುಖಾರಿ ಒಲೆಗೆ ಸೌದೆ ಸೀಳಿ ಒಟ್ಟಬೇಕು, ಬಟ್ಟೆ ಒಗೆಯಬೇಕು. ನವೆಂಬರ್‌ನಲ್ಲಿ ಒಗೆದ ಬಟ್ಟೆ ತಂತಿಯ ಮೇಲೆ ಮರಗಟ್ಟಿ ನಿಲ್ಲುತ್ತಿತ್ತು. ಆಮೇಲೆ ಊರಿಗೆ ಪತ್ರ. 1999ರವರೆಗೆ ಆ ದೇಶದಲ್ಲಿ ದೂರದರ್ಶನವೇ ಇರಲಿಲ್ಲ, ಆದ್ದರಿಂದ ಸಂಜೆಗಳು ಉದ್ದ. ಮಲಯಾಳಿ ಮೇಷ್ಟ್ರೊಬ್ಬರು ಚದುರಂಗ ಆಡಲು ಬರುತ್ತಿದ್ದರು, ಸೋತರೆ ಮಾತು ಬಿಡುತ್ತಿದ್ದರು.

ಊರು ನೋಡುವುದು ಎಂದರೆ ನಡಿಗೆ. ಮಕ್ಕಳ ಮನೆಗಳಿಗೇ ಹೋಗುತ್ತಿದ್ದೆವು. ಎರಡು ಮೂರು ತಾಸು ಗುಡ್ಡ ಹತ್ತಿ ಬರುವ ಹುಡುಗರು ಅವರು. ಮನೆಗೆ ಹೋದರೆ ಮಾಡಿನ ಮೇಲೆಲ್ಲ ಕೆಂಪು ಮೆಣಸಿನಕಾಯಿ ಒಣಗುತ್ತಿರುತ್ತಿತ್ತು. ಅದನ್ನೇ ತರಕಾರಿ ಮಾಡಿ ಚೀಸ್‌ನಲ್ಲಿ ಬೇಯಿಸಿ ಎಮಾ ದಾತ್ಶಿ ಎಂದು ಬಡಿಸುತ್ತಿದ್ದರು. ಖಾರಕ್ಕೆ ಹೆಸರಾದ ಸೀಮೆಯವನು ನಾನು, ನನ್ನ ಕಣ್ಣಲ್ಲೂ ನೀರು.

ರಾಜಧಾನಿ ಥಿಂಫು ಅಲ್ಲಿಂದ ಬಸ್ಸಿನಲ್ಲಿ ಎರಡು ದಿನದ ದಾರಿ. ನಡುವೆ ಥ್ರುಮ್‌ಶಿಂಗ್ ಲಾ ಎಂಬ ಘಟ್ಟ, 3,700 ಮೀಟರಿಗೂ ಎತ್ತರ. ಪಾರೊ ಕಣಿವೆಯ ತಕ್ತ್ಸಾಂಗ್ ಮಠವನ್ನು ಕಡಿದಾದ ಬಂಡೆಯ ಗೋಡೆಗೆ ಅಂಟಿಸಿದ್ದಾರೆಯೇ ಎನ್ನಿಸುವ ಫೋಟೊ ನೀವೆಲ್ಲ ನೋಡಿರುತ್ತೀರಿ. ಅದನ್ನು ನಾನು ನೋಡಿದ್ದು ಡಿಸೆಂಬರ್‌ನ ದೊಡ್ಡ ರಜೆಯಲ್ಲಿ ಮಾತ್ರ. ಹೆಚ್ಚಿನವರು ಆ ರಜೆಯಲ್ಲಿ ಸಮದ್ರುಪ್ ಜೋಂಖರ್ ಗಡಿ ಇಳಿದು ಗುವಾಹಟಿಯಿಂದ ರೈಲು ಹಿಡಿದು ಊರಿಗೆ ಓಡುತ್ತಿದ್ದರು.

ಈಗಲೂ ಗಣಿತ, ವಿಜ್ಞಾನ, ಕಂಪ್ಯೂಟರ್ ವಿಷಯಗಳಿಗೆ ಆಗಾಗ ಭಾರತದಿಂದ ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತಾರೆ. 2019ರಲ್ಲಿ ಅಲ್ಲಿಯ ಸರ್ಕಾರ ಶಿಕ್ಷಕರ ಸಂಬಳವನ್ನು ಬೇರೆ ಸರ್ಕಾರಿ ನೌಕರರಿಗಿಂತ ಮೇಲೆ ತಂದಿತು. ಓದಿ ಖುಷಿಯಾಯಿತು. ನಮ್ಮ ಕಾಲದ್ದಲ್ಲ.

ತಟ್ಟೆಇಡ್ಲಿ | ಕ್ಯಾತ್ಸಂದ್ರ

ಸಸ್ಯಾಹಾರಿಗಳ ಗತಿ ಏನು? ನೇರ ಉತ್ತರ ಬೇಕು, 'ಅಭ್ಯಾಸವಾಗುತ್ತದೆ' ಎಂಬ ಉತ್ತರ ಬೇಡ.

ರೇಷ್ಮೆಗೂಡು

ನೇರ ಉತ್ತರ: ಕಷ್ಟ. ತರಕಾರಿ ಎಂದು ಹೇಳಿದರೂ ಒಗ್ಗರಣೆಗೆ ಮೀನಿನ ಸಾಸ್ ಬಿದ್ದಿರುತ್ತದೆ. ಇಸಾನ್ ಕಡೆಯ ಪಪ್ಪಾಯಿ ಕೋಸಂಬರಿ ಸೊಮ್ ತಮ್‌ಗೆ ಒಣ ಸೀಗಡಿ ಹಾಕುತ್ತಾರೆ, ಜೊತೆಗೆ ಹುದುಗಿಸಿದ ಮೀನು. ಅದಿಲ್ಲದೆ ಮಾಡಿ ಎಂದರೆ ಅಂಗಡಿಯಾಕೆ ನಿಮ್ಮನ್ನು ನೋಡುವ ನೋಟ, ಉಪ್ಪಿಲ್ಲದೆ ಸಾರು ಮಾಡಿ ಎಂದರೆ ನಮ್ಮ ಹೋಟೆಲಿನವರು ನೋಡುವ ನೋಟವೇ. ಉಳಿಸುವುದು ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 'ಜೇ' ಎಂದು ಬರೆದ ಅಂಗಡಿಗಳು. ಅಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಒಂಬತ್ತು ದಿನ ಊರೆಲ್ಲ ಜೇ ವ್ರತ ನಡೆಯುತ್ತದೆ, ಆ ಒಂಬತ್ತು ದಿನ ಸಸ್ಯಾಹಾರಿಯೇ ರಾಜ. ಉಳಿದ ದಿನ ಕೋಣೆಯಲ್ಲಿ ಅಕ್ಕಿ ಕುಕ್ಕರ್, ಊರಿನ ಸಾರಿನ ಪುಡಿ.

ಇಸಾನ್ ಜನ ತಿನ್ನುವುದು ಅಂಟಕ್ಕಿ. ಬಿದಿರಿನ ಪುಟ್ಟ ಬುಟ್ಟಿಯಿಂದ ಬೆರಳಲ್ಲಿ ಮುರಿದು, ಉಂಡೆ ಮಾಡಿ, ಗೊಜ್ಜಿಗೆ ಅದ್ದಿ ಬಾಯಿಗೆ. ಮುದ್ದೆ ಮುರಿದು ಬೆಳೆದ ಕೈಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಆದರೆ ನುಂಗುವಂತಿಲ್ಲ, ಅಗಿಯಬೇಕು.

ಇನ್ನೊಂದನ್ನು ಹೇಳದಿದ್ದರೆ ಶಿಡ್ಲಘಟ್ಟದವಳು ಎನ್ನಿಸಿಕೊಳ್ಳಲಾರೆ. ಕೊರಾತ್‌ನ ದಕ್ಷಿಣಕ್ಕೆ ಪಾಕ್ ಥೊಂಗ್ ಚಾಯ್ ಎಂಬ ರೇಷ್ಮೆ ಊರಿದೆ. ಒಂದು ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಮಡಕೆಯಲ್ಲಿ ಗೂಡು ಬೇಯಿಸುತ್ತ ಕೈಯಲ್ಲೇ ನೂಲು ಎಳೆಯುತ್ತಿದ್ದರು. ಅಲ್ಲಿಯ ನಾಟಿ ತಳಿಯ ಗೂಡು ಅಚ್ಚ ಹಳದಿ. ನಮ್ಮಲ್ಲಿ ಬೇಸಿನ್ ಮೇಲೆ ಹತ್ತಾರು ಎಳೆ ಒಟ್ಟಿಗೆ ಓಡುತ್ತವೆ. ಅವರದು ಮಡಕೆಯ ಬಾಯಿಗೆ ಕಟ್ಟಿದ ಬಿದಿರಿನ ಬಿಲ್ಲು, ಒಂದೇ ಎಳೆ, ಕೆಳಗೆ ಇದ್ದಿಲ ಒಲೆ. ನೂಲು ಮುಗಿದ ಗೂಡಿನಿಂದ ಬೆಂದ ಹುಳ ಹೊರಬಂದಾಗ ನಮ್ಮೂರಲ್ಲಿ ಅದನ್ನು ಮೂಟೆ ಕಟ್ಟಿ ಮೇವಿಗೂ ಎಣ್ಣೆಗೂ ಕಳಿಸುತ್ತಾರೆ, ಆ ನಾತಕ್ಕೆ ಬಸ್ಸಿನ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಅಜ್ಜಿ ಅದನ್ನು ಸೌಟಿನಲ್ಲಿ ತೆಗೆದು, ಉಪ್ಪು ಸವರಿ, ನೂಲು ಬಿಡದೆಯೇ ಬಾಯಿಗೆ ಹಾಕಿಕೊಂಡರು. ನನ್ನತ್ತಲೂ ಒಂದು ಚಾಚಿದರು. ತಿಂದೆನೋ ಇಲ್ಲವೋ ಎಂಬುದನ್ನು ನನ್ನ ಅಮ್ಮ ಇಲ್ಲಿ ಓದುವ ಸಾಧ್ಯತೆ ಇರುವುದರಿಂದ ಬರೆಯುವುದಿಲ್ಲ.

ಅಂತರಗಂಗೆ | ಕೋಲಾರ

ಮಾಲ್ಡೀವ್ಸ್‌ನಿಂದ ವಾಪಸ್ ಬಂದವನು ನಾನು. ಮಾಲ್ಡೀವ್ಸ್ ಎಂದೊಡನೆ ಜನ ಕಣ್ಣರಳಿಸುತ್ತಾರೆ. ನೀರಿನ ಮೇಲೆ ಮರದ ಮನೆ, ಮಧುಚಂದ್ರ, ನೀಲಿ ಸಮುದ್ರ. ಅದು ಪ್ರವಾಸಿಗರ ದ್ವೀಪ. ಮೇಷ್ಟ್ರು ಇರುವುದು ಜನವಸತಿಯ ದ್ವೀಪದಲ್ಲಿ. ನನ್ನ ದ್ವೀಪವನ್ನು ಅರ್ಧ ತಾಸಿನಲ್ಲಿ ಸುತ್ತಬಹುದಿತ್ತು. ಸಂಜೆ ಸುತ್ತುತ್ತಿದ್ದೆ, ಮತ್ತೆ ಸುತ್ತುತ್ತಿದ್ದೆ.

ವಾರದ ರಜೆ ಶುಕ್ರವಾರ ಮತ್ತು ಶನಿವಾರ. ನಾನಿದ್ದಾಗ ಶುಕ್ರವಾರ ಸಾರ್ವಜನಿಕ ದೋಣಿಯೇ ಓಡುತ್ತಿರಲಿಲ್ಲ. ಅಂದರೆ ರಜೆ ಇದೆ, ಹೋಗಲು ದಾರಿ ಇಲ್ಲ. ಭಾನುವಾರ ಊರಿನವರು ಹರಟುತ್ತಿರುವಾಗ ನಾನು ತರಗತಿಯಲ್ಲಿ. ಬೆಳಗಿನ ತಿಂಡಿ ಮಸ್ ಹುನಿ: ಟ್ಯೂನಾ ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿ ರೋಶಿ ಎಂಬ ರೊಟ್ಟಿಯ ಜೊತೆ. ಅದು ಮಾತ್ರ ಇಂದಿಗೂ ಬೇಕೆನ್ನಿಸುತ್ತದೆ. ತರಕಾರಿ ದೋಣಿಯಲ್ಲಿ ಬರಬೇಕು. ಏಷ್ಯಾದಲ್ಲೇ ದೊಡ್ಡವುಗಳಲ್ಲಿ ಒಂದಾದ ಟೊಮೆಟೊ ಮಾರುಕಟ್ಟೆಯ ಊರಿನವನು ಅಲ್ಲಿ ಟೊಮೆಟೊವನ್ನು ಎಣಿಸಿ ಕೊಳ್ಳುತ್ತಿದ್ದೆ. ಲಾರಿಗಟ್ಟಲೆ ಟೊಮೆಟೊ ರಸ್ತೆಗೆ ಸುರಿಯುವ ಸುದ್ದಿ ಊರಿನಿಂದ ಬಂದ ವಾರ ತಡೆಯಲಾರದ ಸಿಟ್ಟು ಬಂದಿತ್ತು.

ಇನ್ನು ಕಟ್ಟುನಿಟ್ಟು. ಅದು ಇಸ್ಲಾಮೀ ರಾಷ್ಟ್ರ, ಪೂಜೆಯ ವಿಗ್ರಹ ಒಯ್ಯುವಂತಿಲ್ಲ. ಮೊದಲೇ ತಿಳಿದು ಹೋದರೆ ತೊಂದರೆಯಿಲ್ಲ. ಸಂಬಳ ರುಫಿಯಾದಲ್ಲಿ. ಡಾಲರ್‌ಗೆ 15.42 ಎಂಬುದು ಬ್ಯಾಂಕಿನ ದರ, ಆ ದರಕ್ಕೆ ಡಾಲರ್ ಸಿಕ್ಕಿ ಊರಿಗೆ ಹಣ ತಲುಪುವುದು ತಿಂಗಳ ದೊಡ್ಡ ಹೋರಾಟ. ಖರ್ಚು ಮಾಡಲು ಜಾಗವೇ ಇಲ್ಲದ್ದರಿಂದ ಉಳಿತಾಯವಾಯಿತು, ಮನೆಯ ಮೇಲೆ ಒಂದು ಅಂತಸ್ತು ಎದ್ದಿತು. ಮಾವಿನತೋಪಿನವರೇ, ನಿಮ್ಮ ಲೆಕ್ಕದಲ್ಲಿ ನಾನು ಗೆದ್ದವನು. ಆದರೆ ಎರಡನೇ ವರ್ಷ ರಾತ್ರಿ ನಿದ್ದೆ ಬರುವುದು ನಿಂತಿತು. ಗುತ್ತಿಗೆ ಮುಂದುವರಿಸಲಿಲ್ಲ. ರೇಷ್ಮೆಗೂಡು ಅವರ ಬಸ್ ಟಿಕೆಟ್ಟುಗಳನ್ನು ನಾನು ಖರ್ಚು ಎನ್ನುವುದಿಲ್ಲ, ಔಷಧಿ ಎನ್ನುತ್ತೇನೆ.

ಕಲ್ಪತರು | ತಿಪಟೂರು

ಅಲ್ಲಿ ತೆಂಗಿನಕಾಯಿ ದರ ಎಷ್ಟಿತ್ತು? ಚರ್ಚೆಗೆ ಸಂಬಂಧವಿಲ್ಲ ಎಂದು ಗೊತ್ತು.

ಅಂತರಗಂಗೆ

ನೆರೆಮನೆಯವರು ಸುಮ್ಮನೇ ಕೊಡುತ್ತಿದ್ದರು. ಕೊಬ್ಬರಿ ಮಾಡಿ ಹರಾಜಿಗೆ ಹಾಕುವ ಯೋಚನೆ ಅವರಿಗಿಲ್ಲ. ನಿಮಗೆ ಸಂಕಟವಾಗಬಹುದು.

ಕೈವಾರ | ಚಿಂತಾಮಣಿ, ಈಗ ವಿಯೆಟ್ನಾಂನ ದಾ ನಾಂಗ್

ನನ್ನ ಅನುಭವ ತಲೆಕೆಳಗು. ಇಲ್ಲಿ ಹೆಚ್ಚಿನ ಕೆಲಸ ಇರುವುದು ಭಾಷಾ ಕೇಂದ್ರಗಳಲ್ಲಿ. ಮಕ್ಕಳು ಶಾಲೆ ಮುಗಿಸಿ ಸಂಜೆ ಬರುತ್ತಾರೆ; ಶನಿವಾರ ಭಾನುವಾರ ಬೆಳಿಗ್ಗೆ ಎಂಟರಿಂದ ರಾತ್ರಿಯವರೆಗೆ ತರಗತಿ. ಜಗತ್ತಿಗೆ ವಾರಾಂತ್ಯ ಬಂದಾಗ ನನಗೆ ಗಂಟಲು ಹೋಗಿರುತ್ತದೆ. ನನ್ನ ರಜೆ ಸೋಮವಾರ, ಮಂಗಳವಾರ. ಅದರಲ್ಲೊಂದು ಲಾಭವಿದೆ. ಎಲ್ಲ ಕಡೆ ಜನ ಕಡಿಮೆ.

ಹಾಗೆ ಒಂದು ಮಂಗಳವಾರ ಮೀ ಸನ್‌ಗೆ ಹೋಗಿದ್ದೆ. ಚಂಪಾ ರಾಜರ ಶಿವಾಲಯಗಳ ಕಣಿವೆ, 4ನೇ ಶತಮಾನದಿಂದ ಕಟ್ಟುತ್ತ ಬಂದದ್ದು, ಈಗ ಉಳಿದದ್ದು ಬಹುಪಾಲು ಇಟ್ಟಿಗೆ. 1969ರಲ್ಲಿ ಅಮೆರಿಕದ ಬಾಂಬಿಗೆ ಮುಖ್ಯ ಗೋಪುರ ಕುಸಿಯಿತು. ಬಾಂಬ್ ಬಿದ್ದ ಗುಂಡಿಗಳು ಈಗಲೂ ಗೋಪುರಗಳ ನಡುವೆ ಹುಲ್ಲು ಹೊದ್ದುಕೊಂಡಿವೆ. ಕೆಲವು ಗುಂಪುಗಳನ್ನು ದುರಸ್ತಿ ಮಾಡಿದ್ದು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಆ ಕೆಲಸದಲ್ಲೇ 2020ರಲ್ಲಿ 9ನೇ ಶತಮಾನದ ಏಕಶಿಲಾ ಶಿವಲಿಂಗ ಸಿಕ್ಕಿತು. ಯುದ್ಧ ನೋಡಿದ ಮುದುಕರೊಬ್ಬರು ಟಿಕೆಟ್ ಕೌಂಟರ್ ಬಳಿ ಕಬ್ಬಿನ ಹಾಲು ಮಾರುತ್ತಿದ್ದರು. ಭಾರತ ಎಂದೊಡನೆ ಹಣ ಬೇಡವೆಂದರು, ನಾನು ಬಲವಂತವಾಗಿ ಕೊಟ್ಟೆ.

ಶನಿವಾರದ ಬಗ್ಗೆ ಮೊದಲು ಕೇಳಿ ಎಂಬುದು ಅಕ್ಷರಶಃ ಸರಿ.

ಗೌರಿಬಿದನೂರಿನ ಹೊಸಬ

ನಾನು ಈ ವರ್ಷ ಬಿ.ಇಡಿ. ಮುಗಿಸಿದ್ದೇನೆ. ವಾಟ್ಸ್ಯಾಪ್‌ನಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದಾರೆ. ಥಾಯ್ಲೆಂಡ್‌ನ ಮೇ ಸೋಟ್ ಎಂಬ ಊರಿನಲ್ಲಿ ಆನ್‌ಲೈನ್ ಇಂಗ್ಲಿಷ್ ಕಲಿಸುವ ಕೆಲಸ, ತಿಂಗಳಿಗೆ ಎಂಬತ್ತು ಸಾವಿರ ರೂಪಾಯಿ, ಊಟ ವಸತಿ ಉಚಿತ. ಈಗ ಪ್ರವಾಸಿಯಾಗಿ ಬನ್ನಿ, ಕೆಲಸದ ವೀಸಾ ಅಲ್ಲೇ ಮಾಡಿಸುತ್ತೇವೆ ಎನ್ನುತ್ತಾರೆ. ಸಂದರ್ಶನ ಹತ್ತು ನಿಮಿಷದಲ್ಲಿ ಮುಗಿಯಿತು. ಪಾಠದ ಬಗ್ಗೆ ಏನೂ ಕೇಳಲಿಲ್ಲ, ಟೈಪಿಂಗ್ ವೇಗ ಕೇಳಿದರು. ಹೋಗಬಹುದೇ?

ರೇಷ್ಮೆಗೂಡು

ಬೇಡ. ಬೇಡ. ಆ ಮನುಷ್ಯನಿಗೆ ಪಾಸ್‌ಪೋರ್ಟಿನ ಪ್ರತಿ ಕಳಿಸಿದ್ದರೆ ಇಲ್ಲಿಗೇ ನಿಲ್ಲಿಸಿ, ಹಣ ಕೊಡಬೇಡಿ.

ಮೇ ಸೋಟ್ ಎಂದರೆ ಮ್ಯಾನ್ಮಾರ್ ಗಡಿ. ಮೋಯಿ ನದಿ ದಾಟಿದರೆ ಮ್ಯಾವಡ್ಡಿ. ಥಾಯ್ಲೆಂಡ್‌ನಲ್ಲಿ ಕೆಲಸ ಎಂದು ನಂಬಿಸಿ ಭಾರತದ ಹುಡುಗರನ್ನು ರಾತ್ರೋರಾತ್ರಿ ನದಿ ದಾಟಿಸಿ, ಸೈಬರ್ ವಂಚನೆಯ ಆವರಣಗಳಲ್ಲಿ ಕೂಡಿಹಾಕಿ, ಕಂಪ್ಯೂಟರ್ ಮುಂದೆ ಕೂರಿಸಿ ಜನರನ್ನು ಮೋಸ ಮಾಡಿಸುತ್ತಾರೆ. ನಮ್ಮ ವಿದೇಶಾಂಗ ಸಚಿವಾಲಯ 2022ರಿಂದ ಇದರ ಬಗ್ಗೆ ಎಚ್ಚರಿಸುತ್ತ ಬಂದಿದೆ. ಸಿಕ್ಕಿಬಿದ್ದವರನ್ನು ವಿಮಾನದಲ್ಲಿ ಕರೆತಂದದ್ದೂ ಇದೆ. ಮೇಷ್ಟ್ರ ಕೆಲಸಕ್ಕೆ ಟೈಪಿಂಗ್ ವೇಗ ಯಾಕೆ?

ನಿಜವಾದ ದಾರಿ ನಿಧಾನದ್ದು. ಶಾಲೆ ಕಾಗದಪತ್ರ ಕಳಿಸುತ್ತದೆ, ಅದನ್ನು ತೋರಿಸಿ ವಲಸೆಯೇತರ 'ಬಿ' ವೀಸಾ ಪಡೆಯಬೇಕು, ಅಲ್ಲಿ ಹೋದ ಮೇಲೆ ಕೆಲಸದ ಪರವಾನಗಿ, ಜೊತೆಗೆ ಶಿಕ್ಷಕರ ಮಂಡಳಿಯಾದ ಖುರುಸಫಾದ ಅನುಮತಿ. ಬಿ.ಇಡಿ. ಇದ್ದವರಿಗೆ ಇಲ್ಲಿ ಅನುಕೂಲ. ಇಂಗ್ಲಿಷ್ ಮಾತೃಭಾಷೆಯ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ, ಆದ್ದರಿಂದ ಟೋಯಿಕ್ ಅಥವಾ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ. ಪೊಲೀಸ್ ಪ್ರಮಾಣಪತ್ರ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸಿಗುತ್ತದೆ. ಪ್ರವಾಸಿಯಾಗಿ ಹೋಗಿ ದುಡಿಯುವುದು ಅಪರಾಧ, ಅದರಲ್ಲಿ 'ಅಲ್ಲೇ ನೋಡಿಕೊಳ್ಳೋಣ' ಎಂಬುದಿಲ್ಲ.

ಮಾವಿನತೋಪಿನವರು ಕೇಳಿದ ಅಂಕಿ ಇಲ್ಲಿದೆ. ಭಾರತ, ಫಿಲಿಪ್ಪೀನ್ಸ್‌ನವರಿಗೆ ಸಾಮಾನ್ಯ ಶಾಲೆಗಳಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರ ಬಾತ್ ಆಸುಪಾಸು. ಅದೇ ಕೆಲಸಕ್ಕೆ ಬ್ರಿಟನ್‌ನಿಂದ ಬಂದವನಿಗೆ ಇದಕ್ಕಿಂತ ಬಹಳ ಹೆಚ್ಚು. ಇದು ಅನ್ಯಾಯ, ಯಾರೂ ಮುಚ್ಚಿಡುವುದಿಲ್ಲ ಕೂಡ. ಬಾತ್‌ಗೆ ಎರಡೂವರೆ ರೂಪಾಯಿ ಎಂದು ಹಿಡಿದರೂ ಐವತ್ತು ಸಾವಿರ ರೂಪಾಯಿ. ಕೋಣೆಗೆ ಮೂರರಿಂದ ಐದು ಸಾವಿರ ಬಾತ್, ಊಟ, ವಿದ್ಯುತ್ ಕಳೆದರೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಒಡವೆ ಅಡವಿಟ್ಟು ಬರುವ ಸಂಬಳ ಇದಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ.

ಮಾವಿನತೋಪು

ಅಂಕಿ ಕೊಟ್ಟದ್ದಕ್ಕೆ ಧನ್ಯವಾದ. ಐವತ್ತು ಸಾವಿರ ಎಂದರೆ ಬೆಂಗಳೂರಿನ ಒಳ್ಳೆಯ ಖಾಸಗಿ ಶಾಲೆಯ ಸಂಬಳವೇ ಆಯಿತು. ಹಾಗಾದರೆ ಹೋಗುವುದಕ್ಕೆ ಶಿವಾಲಯ ಬಿಟ್ಟು ಬೇರೆ ಕಾರಣವೇ ಇಲ್ಲ! ಸೋತೆನೋ ಗೆದ್ದೆನೋ ತಿಳಿಯುತ್ತಿಲ್ಲ. ಅಂತರಗಂಗೆಯವರ ನಿದ್ದೆಯ ಮಾತು ಮಾತ್ರ ನನ್ನ ತಮ್ಮನ ಕಥೆಯೇ. ಅವನು ಕೊಲ್ಲಿ ದೇಶದಲ್ಲಿದ್ದ.

ಸಿದ್ಧಗಂಗೆಯ ಭಕ್ತ | ತುಮಕೂರು

ಮಗಳು ಹೋಗುತ್ತೇನೆ ಎನ್ನುತ್ತಿದ್ದಾಳೆ. ಒಂಟಿ ಹೆಣ್ಣುಮಗಳು ವಾರಾಂತ್ಯದಲ್ಲಿ ಹೀಗೆ ಬಸ್ ಹತ್ತಿ ತಿರುಗುವುದು ಎಷ್ಟು ಸುರಕ್ಷಿತ? ತಾಯಿಗೆ ನಾನು ಉತ್ತರ ಹೇಳಬೇಕು.

ರೇಷ್ಮೆಗೂಡು

ರಾತ್ರಿ ಒಂಬತ್ತಕ್ಕೆ ಮಾರುಕಟ್ಟೆಯಿಂದ ಒಬ್ಬಳೇ ನಡೆದು ಬರುವಾಗ ನಮ್ಮ ಕಡೆಯ ಬಸ್ ನಿಲ್ದಾಣದಲ್ಲಿ ಆಗುವ ಮುಜುಗರ ಇಲ್ಲಿ ಆಗಿಲ್ಲ. ಭಯಪಡಬೇಕಾದದ್ದು ರಸ್ತೆಗೆ. ಥಾಯ್ಲೆಂಡ್‌ನಲ್ಲಿ ರಸ್ತೆ ಅಪಘಾತದಲ್ಲಿ ಸಾಯುವವರಲ್ಲಿ ಬಹುಪಾಲು ದ್ವಿಚಕ್ರ ಸವಾರರು. ಹೊಸದಾಗಿ ಬಂದ ಶಿಕ್ಷಕರು ಮೊದಲ ಸಂಬಳದಲ್ಲೇ ಬಾಡಿಗೆ ಸ್ಕೂಟರ್ ಹಿಡಿದು, ಪರವಾನಗಿಯಿಲ್ಲದೆ ಬೆಟ್ಟಕ್ಕೆ ಹೊರಡುತ್ತಾರೆ. ಪರವಾನಗಿ ಇಲ್ಲದಿದ್ದರೆ ವಿಮೆಯೂ ಕೈಕೊಡುತ್ತದೆ. ಮಗಳಿಗೆ ಬಸ್ಸಿನಲ್ಲಿ ಹೋಗಲು ಹೇಳಿ. ಮಳೆಗಾಲದಲ್ಲಿ ಡೆಂಗಿ, ಫೆಬ್ರುವರಿ ಮಾರ್ಚ್‌ನಲ್ಲಿ ಗದ್ದೆ ಸುಡುವ ಹೊಗೆ, ಉಬ್ಬಸವಿದ್ದರೆ ಯೋಚಿಸಬೇಕು.

ಗಡಿ ದಾಟುವ ಆಸೆ ಎಲ್ಲರಿಗೂ ಬರುತ್ತದೆ. ನೋಂಗ್ ಖಾಯ್‌ನಲ್ಲಿ 1994ರ ಮೈತ್ರಿ ಸೇತುವೆ ದಾಟಿದರೆ ಲಾವೋಸ್‌ನ ವಿಯೆಂಟಿಯಾನ್. ಹೊರಡುವ ಮೊದಲು ಮರುಪ್ರವೇಶ ಪರವಾನಗಿ ಮಾಡಿಸಲೇಬೇಕು, ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800. ಇಲ್ಲದಿದ್ದರೆ ಸೇತುವೆ ದಾಟಿದ ಕ್ಷಣ ನಿಮ್ಮ ವೀಸಾ ಅವಧಿ ರದ್ದು. ಒಬ್ಬ ಸಹೋದ್ಯೋಗಿ ಭಾನುವಾರ ಕಾಫಿ ಕುಡಿಯಲು ಲಾವೋಸ್‌ಗೆ ಹೋಗಿ, ಕೆಲಸದ ಪರವಾನಗಿಯನ್ನು ಮತ್ತೆ ಮೊದಲಿನಿಂದ ಮಾಡಿಸಬೇಕಾಯಿತು.

ಗೌರಿಬಿದನೂರಿನ ಹೊಸಬ

ಏಜೆಂಟ್‌ಗೆ ಬರುವುದಿಲ್ಲ ಎಂದು ಹೇಳಿದೆ, ಬೈದು ಸಂಖ್ಯೆ ಬದಲಿಸಿದ. ಈಗ ನೇರವಾಗಿ ಶಾಲೆಗಳಿಗೆ ಬರೆಯುತ್ತಿದ್ದೇನೆ. ಸಂದರ್ಶನದಲ್ಲಿ ನಾನು ಏನೇನು ಕೇಳಬೇಕು?

ರೇಷ್ಮೆಗೂಡು

ಶನಿವಾರ ಇಂಗ್ಲಿಷ್ ಶಿಬಿರ, ಪ್ರವೇಶ ಪ್ರಚಾರ, ಕ್ರೀಡಾಕೂಟ ಎಂದು ಎಷ್ಟು ಸಲ ಕರೆಯುತ್ತಾರೆ, ಅದಕ್ಕೆ ಹಣವಿದೆಯೇ ಎಂದು ಕೇಳಿ. ಗುತ್ತಿಗೆ ಹತ್ತು ತಿಂಗಳಿನದೋ ಹನ್ನೆರಡರದೋ ಎಂಬುದು ಇನ್ನೂ ಮುಖ್ಯ. ಶೈಕ್ಷಣಿಕ ವರ್ಷ ಮೇ ಮಧ್ಯದಲ್ಲಿ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತದೆ; ಹತ್ತು ತಿಂಗಳಿನದಾದರೆ ಬೇಸಿಗೆ ರಜೆಯಲ್ಲಿ ಸಂಬಳವಿಲ್ಲ, ಕೋಣೆಯ ಬಾಡಿಗೆ ಮಾತ್ರ ಇರುತ್ತದೆ. ಮಧ್ಯವರ್ತಿ ಸಂಸ್ಥೆಯ ಮೂಲಕವಾದರೆ ಸಂಬಳ ಕೊಡುವವರು ಯಾರು ಎಂದು ಬರಹದಲ್ಲಿ ಕೇಳಿ. ನಾನು ಮೊದಲು ಇದ್ದ ಕಡೆ ಅಂಥ ಸಂಸ್ಥೆಯೊಂದು ಮೊದಲ ತಿಂಗಳ ಸಂಬಳವನ್ನು ಠೇವಣಿ ಎಂದು ಹಿಡಿದಿಟ್ಟು, ಬಿಡುವಾಗ ಕೊಡಲಿಲ್ಲ. ಮೂಲ ಪದವಿ ಪತ್ರ, ಪಾಸ್‌ಪೋರ್ಟ್ ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಶಾಲೆಗಳು ಹುಡುಕುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಮತ್ತೆ ಅಕ್ಟೋಬರ್‌ನಲ್ಲಿ.

ಏಕಶಿಲೆ

ಹುಡುಗನಿಗೆ ನನ್ನದೊಂದು ಸೇರಿಸುತ್ತೇನೆ. ನಿನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇದೆಯೋ, ಪೂರ್ತಿ ಬಿಡಿಸಿದ ಹೆಸರಿದೆಯೋ? ನಮ್ಮ ಸೀಮೆಯವರಿಗೆ ಮನೆತನದ ಹೆಸರು ಎಂಬುದಿಲ್ಲ, ಊರಿನ ಅಕ್ಷರ, ಅಪ್ಪನ ಅಕ್ಷರ ಅಷ್ಟೇ. ಪಾಸ್‌ಪೋರ್ಟ್‌ನವರು ಅದನ್ನು ಬಿಡಿಸಿ ಬರೆಸುತ್ತಾರೆ. ಹೊರದೇಶದ ಗುಮಾಸ್ತನಿಗೆ ಅವು ಇಬ್ಬರು ಬೇರೆ ಬೇರೆ ಮನುಷ್ಯರು.

ಗೌರಿಬಿದನೂರಿನ ಹೊಸಬ

ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಪದವಿಯಲ್ಲಿ ಒಂದೇ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ.

ರೇಷ್ಮೆಗೂಡು

ಹಾಗಿದ್ದರೆ ಶಾಲೆಗೆ ಬರೆಯುವುದನ್ನು ವಾರ ಮುಂದಕ್ಕೆ ಹಾಕಿ, ಮೊದಲು ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ಅರ್ಜಿ ಕೊಡಿ. ತಿದ್ದುಪಡಿ ಸಾಧ್ಯವಿಲ್ಲ ಎಂದರೆ, ಮೂರೂ ಹೆಸರು ಒಬ್ಬನವೇ ಎಂಬ ಪ್ರಮಾಣಪತ್ರವನ್ನು ಇಂಗ್ಲಿಷ್‌ನಲ್ಲಿ ನೋಟರಿ ಮಾಡಿಸಿ. ದೃಢೀಕರಣಕ್ಕೆ ಕಳಿಸುವ ಕಟ್ಟಿನಲ್ಲಿ ಅದನ್ನು ಎಲ್ಲಕ್ಕಿಂತ ಮೇಲೆ ಇಡಿ.